ಮಳೆಮಾಪಕದ ಉದ್ದ ತಂತಿ ಮತ್ತು ಕಂಟ್ರೋಲರಿನ ಪಿನ್: ರೆಸಿಸ್ಟರ್ ಎಲ್ಲಿರಬೇಕು, ಎಷ್ಟಿರಬೇಕು?

ತೋಟದ_ಮಳೆಲೆಕ್ಕ (ಸೋಮವಾರಪೇಟೆ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದ ಮೇಲಿನ ಬ್ಲಾಕಿನಲ್ಲಿ ಒಂದು ಮಳೆಮಾಪಕವನ್ನು ನಿಲ್ಲಿಸಿದ್ದೇವೆ. ಅದರೊಳಗಿನ ಪುಟ್ಟ ಬಟ್ಟಲು 0.2 ಮಿಲಿಮೀಟರ್ ಮಳೆಯ ನೀರು ತುಂಬಿದೊಡನೆ ಮಗುಚಿಕೊಳ್ಳುತ್ತದೆ, ಮಗುಚುವಾಗ ಅದರ ಅಯಸ್ಕಾಂತವು ಒಂದು ರೀಡ್ ಸ್ವಿಚ್ಚನ್ನು ಕ್ಷಣಕಾಲ ಮುಚ್ಚುತ್ತದೆ. ಅಲ್ಲಿಂದ ಮನೆಯ ಜಗಲಿಯವರೆಗೆ ಸುಮಾರು 60 ಮೀಟರ್ ಎರಡೆಳೆಯ ಟೆಲಿಫೋನ್ ತಂತಿಯನ್ನು ಎಳೆದು, ಒಂದು ಎಳೆಯನ್ನು ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರ್ ಬೋರ್ಡಿನ ಜಿಪಿಐಒ 34 ಎಂಬ ಪಿನ್ನಿಗೂ ಇನ್ನೊಂದನ್ನು ಗ್ರೌಂಡಿಗೂ ಕೊಟ್ಟಿದ್ದೇವೆ. ಪ್ರೋಗ್ರಾಮಿನಲ್ಲಿ ಆ ಪಿನ್ನನ್ನು ಒಳಗಿನ ಪುಲ್‌ಅಪ್ (ಪಿನ್ನನ್ನು ಸರಬರಾಜು ವೋಲ್ಟೇಜಿನತ್ತ ಎಳೆದು ಹಿಡಿಯುವ ರೆಸಿಸ್ಟರ್) ಸಹಿತ ಇನ್‌ಪುಟ್ ಎಂದು ಘೋಷಿಸಲಾಗಿದೆ.

ತೊಂದರೆ ಏನೆಂದರೆ, ಒಂದು ಹನಿಯೂ ಬೀಳದ ದಿನ ಇಂಚುಗಟ್ಟಲೆ ಮಳೆ ದಾಖಲಾಗುತ್ತಿದೆ. ಅದರಲ್ಲಿಯೂ ಸಂಜೆ ಆನೆ ಬಾರದಿರಲೆಂದು ಸೋಲಾರ್ ಬೇಲಿಯನ್ನು ಚಾಲೂ ಮಾಡಿದ ಮೇಲೆ ಎಣಿಕೆಯು ಒಂದೇ ಲಯದಲ್ಲಿ, ಸೆಕೆಂಡಿಗೊಂದರಂತೆ ಏರುತ್ತದೆ. ಇದಲ್ಲದೆ ಹೂಮಳೆಯ ಸಮಯದ ಗುಡುಗು ಸಿಡಿಲಿನಲ್ಲಿ ಈ ಹಿಂದಿನ ಬೋರ್ಡಿನ ಇದೇ ಪಿನ್ ಕೆಟ್ಟುಹೋಗಿತ್ತು, ಉಳಿದ ಪಿನ್‌ಗಳು ಸರಿಯಾಗಿಯೇ ಇದ್ದವು. ರೆಸಿಸ್ಟರ್ ಹಾಕಿದರೆ ಸರಿಹೋಗುತ್ತದೆ ಎಂದು ಹಲವರು ಹೇಳುತ್ತಾರೆ, ಆದರೆ ಎಷ್ಟು ಓಮಿನದು ಮತ್ತು ತಂತಿಯ ಯಾವ ಕಡೆಗೆ ಎಂದು ಕೇಳಿದರೆ ಒಬ್ಬೊಬ್ಬರ ಉತ್ತರ ಒಂದೊಂದು. ತಿಳಿದವರು ದಯವಿಟ್ಟು ಲೆಕ್ಕದ ಸಮೇತ ತಿಳಿಸಬೇಕು.

ಹಳೆಯ_ಆರ್ಡುಯಿನೊ (ಕುಶಾಲನಗರ)

ಸರ್, ಹೊರಗಿನ ರೆಸಿಸ್ಟರ್ ಯಾವುದೂ ಬೇಕಾಗಿಲ್ಲ. ಒಳಗಿನ ಪುಲ್‌ಅಪ್ ಇರುವುದೇ ಇಂಥ ಕೆಲಸಕ್ಕೆ. ನಾನು ಆರ್ಡುಯಿನೊ ಉನೊ ಬೋರ್ಡಿನಲ್ಲಿ ಗುಂಡಿಗಳನ್ನೂ ಲಿಮಿಟ್ ಸ್ವಿಚ್ಚುಗಳನ್ನೂ ವರ್ಷಗಳಿಂದ ಹಾಗೆಯೇ ಬಳಸುತ್ತಿದ್ದೇನೆ. ನಿಮ್ಮ ಪಿನ್ ಆಯ್ಕೆಯಲ್ಲಿ ಮಾತ್ರ ದೋಷವಿದೆ. 34ರ ಬದಲು 27ಕ್ಕೆ ಬದಲಾಯಿಸಿ ನೋಡಿ.

ಎಲೆಕ್ಟ್ರಾನಿಕ್ಸ್_ಪಾಠ (ಪೊನ್ನಂಪೇಟೆ)

ಪಿನ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಇಎಸ್‌ಪಿ32ರಲ್ಲಿ ಜಿಪಿಐಒ 34ರಿಂದ 39ರವರೆಗಿನವು ಕೇವಲ ಇನ್‌ಪುಟ್ ಪಿನ್‌ಗಳು, ಅವುಗಳ ಒಳಗೆ ಪುಲ್‌ಅಪ್ ಆಗಲಿ ಪುಲ್‌ಡೌನ್ (ಗ್ರೌಂಡಿನತ್ತ ಎಳೆಯುವ ರೆಸಿಸ್ಟರ್) ಆಗಲಿ ಇರುವುದೇ ಇಲ್ಲ. ಆದ್ದರಿಂದ ಪ್ರೋಗ್ರಾಮಿನಲ್ಲಿ ನೀವು ಏನು ಬರೆದರೂ ಸ್ವಿಚ್ ತೆರೆದಿರುವಾಗ ಆ ಪಿನ್ ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ. ಇನ್‌ಪುಟ್ ಪಿನ್ ಎಳೆದುಕೊಳ್ಳುವ ಪ್ರವಾಹ ಮೈಕ್ರೊಆಂಪಿಯರಿಗಿಂತಲೂ ಕಡಿಮೆಯಾಗಿರುವುದರಿಂದ, ಅಂಥ ತೇಲುವ ಪಿನ್ನಿಗೆ 60 ಮೀಟರ್ ತಂತಿಯನ್ನು ಕಟ್ಟಿದರೆ ಅದು ಒಳ್ಳೆಯ ಆಂಟೆನಾ ಆಗುತ್ತದೆ. ಮನೆಯ ವೈರಿಂಗಿನ 50 ಹರ್ಟ್ಸ್ ಗುಂಯ್‌ಗುಡುವಿಕೆ, ಬೇಲಿಯ ಮಿಡಿತ, ಮೋಟಾರ್ ಚಾಲೂ ಆಗುವಾಗಿನ ಹೊಡೆತ ಇವೆಲ್ಲವನ್ನೂ ಅದು ಹೈ ಮತ್ತು ಲೋ ಎಂದೇ ಓದುತ್ತದೆ. ಬೇಲಿಯ ಎನರ್ಜೈಸರ್ ಸೆಕೆಂಡಿಗೆ ಸುಮಾರು ಒಂದು ಬಾರಿ ಕೆಲವು ಸಾವಿರ ವೋಲ್ಟಿನ ಮಿಡಿತ ಕೊಡುತ್ತದೆ, ನಿಮ್ಮ ಎಣಿಕೆಯ ಲಯವೂ ಅದೇ. ಸೆಕೆಂಡಿಗೊಮ್ಮೆ 0.2 ಮಿಲಿಮೀಟರ್ ಎಂದರೆ ಗಂಟೆಗೆ 720 ಮಿಲಿಮೀಟರ್. ಭಾಗಮಂಡಲದಲ್ಲಿಯೂ ಯಾರೂ ಅಂಥ ಮಳೆಯನ್ನು ಕಂಡಿರಲಾರರು.

ಆದರೆ ಒಳಗಿನ ಪುಲ್‌ಅಪ್ ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೋರ್ಡಿನ ಮೇಲೆಯೇ ಇರುವ ಗುಂಡಿಗೆ ಅದು ಸಾಕು, ತೋಟದ ತಂತಿಗೆ ಸಾಲದು. ಇಎಸ್‌ಪಿ32ರ ಒಳಗಿನ ಪುಲ್‌ಅಪ್ ಸುಮಾರು 45 ಕಿಲೋಓಮ್ ಇದೆ, ಉನೊದಲ್ಲಿರುವ ಎಟಿಮೆಗಾ328ಪಿ ಚಿಪ್ಪಿನದು 20ರಿಂದ 50 ಕಿಲೋಓಮ್ ನಡುವೆ ಎಲ್ಲಿಯಾದರೂ ಇರಬಹುದು. ಈಗ ಜೂನ್ ತಿಂಗಳಿನಲ್ಲಿ ತಂತಿಯ ಒಂದು ಜೋಡಣೆಯೊಳಗೆ ತೇವ ಹೊಕ್ಕು, ಎರಡು ಎಳೆಗಳ ನಡುವೆ 100 ಕಿಲೋಓಮಿನ ಸೋರಿಕೆ ಉಂಟಾಯಿತೆಂದು ಇಟ್ಟುಕೊಳ್ಳಿ. ಆಗ ಸ್ವಿಚ್ ತೆರೆದಿದ್ದರೂ ಪಿನ್ನಿನಲ್ಲಿ ಉಳಿಯುವುದು 3.3 ವೋಲ್ಟಿನ 145ರಲ್ಲಿ 100 ಪಾಲು, ಅಂದರೆ 2.28 ವೋಲ್ಟ್. ಈ ಚಿಪ್ ಹೈ ಎಂದು ಖಚಿತವಾಗಿ ಒಪ್ಪಿಕೊಳ್ಳುವುದು ಸರಬರಾಜು ವೋಲ್ಟೇಜಿನ ಮುಕ್ಕಾಲು ಭಾಗಕ್ಕಿಂತ, ಅಂದರೆ ಸುಮಾರು 2.48 ವೋಲ್ಟಿಗಿಂತ ಮೇಲಿದ್ದರೆ ಮಾತ್ರ. ಲೋ ಎಂದು ಒಪ್ಪುವುದು ಕಾಲು ಭಾಗಕ್ಕಿಂತ, ಅಂದರೆ 0.82 ವೋಲ್ಟಿಗಿಂತ ಕೆಳಗಿದ್ದರೆ. ಇವೆರಡರ ನಡುವೆ ಸಿಕ್ಕಿದ ವೋಲ್ಟೇಜನ್ನು ಅದು ಹೇಗೆ ಓದುತ್ತದೆ ಎಂಬುದಕ್ಕೆ ಯಾವ ಭರವಸೆಯೂ ಇಲ್ಲ.

ಅದೇ ಜಾಗದಲ್ಲಿ ಹೊರಗಿನಿಂದ 4.7 ಕಿಲೋಓಮ್ ಪುಲ್‌ಅಪ್ ಹಾಕಿದರೆ ಇದೇ ಸೋರಿಕೆಯಲ್ಲಿ 3.15 ವೋಲ್ಟ್ ಉಳಿಯುತ್ತದೆ. ಸೋರಿಕೆ 20 ಕಿಲೋಓಮಿಗೆ ಇಳಿದರೂ 2.67 ವೋಲ್ಟ್ ಇರುತ್ತದೆ. ಹೊರಗಿನ ಪುಲ್‌ಅಪ್ಪಿನ ಇನ್ನೊಂದು ಅನುಕೂಲವೆಂದರೆ, ಕರೆಂಟ್ ಬಂದೊಡನೆ ಪ್ರೋಗ್ರಾಮ್ ಓಡುವ ಮೊದಲೇ ಅದು ಪಿನ್ನನ್ನು ಹಿಡಿದಿಟ್ಟಿರುತ್ತದೆ. ಅದನ್ನು ಹಾಕಿದ ಮೇಲೆ ನೀವು 34ರಲ್ಲಿಯೇ ಮುಂದುವರಿದರೂ ತೊಂದರೆಯಿಲ್ಲ.

ಹಳೆಯ_ಆರ್ಡುಯಿನೊ (ಕುಶಾಲನಗರ)

ಲೆಕ್ಕ ಒಪ್ಪುತ್ತೇನೆ, ಮೇಡಂ. ಆದರೆ ಪುಲ್‌ಅಪ್ ಚಿಕ್ಕದಾದಷ್ಟೂ ಬ್ಯಾಟರಿ ವ್ಯರ್ಥವಾಗುವುದಿಲ್ಲವೇ? ಅವರದು ಸೋಲಾರ್ ಮೇಲೆ ನಡೆಯುವ ಬೋರ್ಡ್ ಆಗಿದ್ದರೆ?

ಎಲೆಕ್ಟ್ರಾನಿಕ್ಸ್_ಪಾಠ (ಪೊನ್ನಂಪೇಟೆ)

ಪುಲ್‌ಅಪ್ಪಿನಲ್ಲಿ ಪ್ರವಾಹ ಹರಿಯುವುದು ಸ್ವಿಚ್ ಮುಚ್ಚಿದಾಗ ಮಾತ್ರ. 4.7 ಕಿಲೋಓಮಿನಲ್ಲಿ ಅದು 0.7 ಮಿಲಿಆಂಪಿಯರ್, ಅದೂ ಬಟ್ಟಲು ಮಗುಚುವ ಆ ಕ್ಷಣಕ್ಕೆ. ಬಟ್ಟಲು ನಡುವೆ ಸಿಕ್ಕಿಕೊಂಡು ಸ್ವಿಚ್ ಮುಚ್ಚಿಯೇ ಉಳಿದರೂ ಎದ್ದಿರುವ ಇಎಸ್‌ಪಿ32 ನುಂಗುವ ಹತ್ತಾರು ಮಿಲಿಆಂಪಿಯರಿನ ಮುಂದೆ ಅದು ಲೆಕ್ಕಕ್ಕಿಲ್ಲ.

ತೋಟದ_ಮಳೆಲೆಕ್ಕ (ಸೋಮವಾರಪೇಟೆ)

ಬಹಳ ಉಪಕಾರವಾಯಿತು. ಹಾಗಾದರೆ ನನ್ನ ಯೋಜನೆ ಹೀಗಿದೆ: ಪಿನ್ನಿನಿಂದ 3.3 ವೋಲ್ಟಿಗೆ 4.7 ಕಿಲೋಓಮ್ ಪುಲ್‌ಅಪ್ ಹಾಕುವುದು. ತಂತಿಯು ಬೋರ್ಡಿಗೆ ಬರುವ ದಾರಿಯಲ್ಲಿ, ಪಿನ್ನಿನ ರಕ್ಷಣೆಗೆಂದು ಇನ್ನೊಂದು 4.7 ಕಿಲೋಓಮನ್ನು ಸಾಲಾಗಿ ಸೇರಿಸುವುದು. ಬೆಸುಗೆ ಹಾಕುವ ಮೊದಲು ಒಮ್ಮೆ ನೋಡಿ ಹೇಳಬಹುದೇ?

ಬೆಸುಗೆಕಡ್ಡಿ (ಗೋಣಿಕೊಪ್ಪಲು)

ದಯವಿಟ್ಟು ನಿಲ್ಲಿಸಿ. ಈ ಜೋಡಣೆಯಲ್ಲಿ ನಿಮ್ಮ ಮಳೆಮಾಪಕದ ಎಣಿಕೆಯನ್ನು ನಂಬುವಂತಿಲ್ಲ. ರೀಡ್ ಸ್ವಿಚ್ ಮುಚ್ಚಿದಾಗ ಮೇಲಿನ 4.7 ಮತ್ತು ಸಾಲಿನ 4.7 ಸೇರಿ ವೋಲ್ಟೇಜನ್ನು ಸರಿಯಾಗಿ ಅರ್ಧಕ್ಕೆ ಹಂಚುತ್ತವೆ, ಪಿನ್ 1.65 ವೋಲ್ಟಿಗೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಮೇಡಂ ಹೇಳಿದ 0.82ಕ್ಕೆ ಅದು ಎಂದೂ ಇಳಿಯದು.

ಪುಲ್‌ಅಪ್ಪನ್ನು ತಂತಿಯ ಕಡೆಗೆ ಸರಿಸಬೇಕು. ಅಂದರೆ ತಂತಿ ಬಂದು ಸೇರುವ ಸ್ಕ್ರೂ ಟರ್ಮಿನಲ್‌ನಿಂದಲೇ 3.3 ವೋಲ್ಟಿಗೆ 4.7 ಕಿಲೋಓಮ್, ಆ ಟರ್ಮಿನಲ್‌ನಿಂದ ಪಿನ್ನಿಗೆ ಸಾಲಿನ ರೆಸಿಸ್ಟರ್. ಆಗ ಸ್ವಿಚ್ ಮುಚ್ಚಿದರೆ ಟರ್ಮಿನಲ್ ನೇರವಾಗಿ ಗ್ರೌಂಡಿಗೆ ಬೀಳುತ್ತದೆ. ಪಿನ್ ತಾನಾಗಿ ಪ್ರವಾಹವನ್ನು ಎಳೆಯದ ಕಾರಣ ಸಾಲಿನ ರೆಸಿಸ್ಟರ್ ಮೇಲೆ ವೋಲ್ಟೇಜ್ ಉಳಿಯುವುದಿಲ್ಲ, ಪಿನ್ ಕೂಡ ಸೊನ್ನೆಗೆ ಇಳಿಯುತ್ತದೆ. ಹೀಗಾದಾಗ ಸಾಲಿನ ರೆಸಿಸ್ಟರನ್ನು ಧಾರಾಳವಾಗಿ 10 ಕಿಲೋಓಮ್ ಇಡಬಹುದು. ಪಿನ್ನಿನಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಸೇರಿಸಿದರೆ ಸುಮಾರು ಒಂದು ಮಿಲಿಸೆಕೆಂಡಿನ ಸೋಸುವಿಕೆಯೂ ಸಿಗುತ್ತದೆ. ಬೇಲಿಯ ಮಿಡಿತ ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿನೊಳಗೆ ಮುಗಿಯುತ್ತದೆ, ಬಟ್ಟಲು ಮಗುಚುವಾಗ ಸ್ವಿಚ್ ಮುಚ್ಚಿರುವುದು ಹತ್ತಾರು ಮಿಲಿಸೆಕೆಂಡ್. ಪ್ರೋಗ್ರಾಮಿನಲ್ಲಿ ಪಿನ್ ಲೋ ಆದ ಐದು ಮಿಲಿಸೆಕೆಂಡಿನ ಬಳಿಕ ಮತ್ತೊಮ್ಮೆ ಓದಿ, ಇನ್ನೂ ಲೋ ಇದ್ದರೆ ಮಾತ್ರ ಎಣಿಸಿರಿ.

ಈಗ ಸಿಡಿಲಿನ ವಿಚಾರ. ಸತ್ತ ಪಿನ್ನನ್ನು ಗುರುತಿಸುವುದು ಸುಲಭ. ಬೋರ್ಡಿಗೆ ಕರೆಂಟ್ ಇಲ್ಲದಿರುವಾಗ ಮಲ್ಟಿಮೀಟರನ್ನು ಡಯೋಡ್ ಸ್ಥಾನಕ್ಕೆ ತಿರುಗಿಸಿ, ಕೆಂಪು ಕಡ್ಡಿಯನ್ನು ಗ್ರೌಂಡಿಗೂ ಕಪ್ಪು ಕಡ್ಡಿಯನ್ನು ಪಿನ್ನಿಗೂ ಇಡಿ. ಆರೋಗ್ಯವಾಗಿರುವ ಪಿನ್ 0.5ರಿಂದ 0.7 ವೋಲ್ಟ್ ತೋರಿಸುತ್ತದೆ, ಸತ್ತದ್ದು ಸೊನ್ನೆಯ ಹತ್ತಿರ ಅಥವಾ ಪೂರ್ತಿ ತೆರೆದಂತೆ ತೋರಿಸುತ್ತದೆ. ನೀವು ಅಳೆಯುತ್ತಿರುವುದು ಚಿಪ್ಪಿನೊಳಗಿನ ರಕ್ಷಣಾ ಡಯೋಡನ್ನು. ಎಟಿಮೆಗಾದಂಥ ಚಿಪ್ಪುಗಳಲ್ಲಿ ಪ್ರತಿ ಪಿನ್ನಿಗೂ ಅಂಥ ಎರಡು ಡಯೋಡುಗಳಿರುತ್ತವೆ. ಪಿನ್ನಿನ ವೋಲ್ಟೇಜ್ ಸರಬರಾಜಿಗಿಂತ ಮೇಲೇರಿದರೆ ಒಂದು, ಗ್ರೌಂಡಿಗಿಂತ ಕೆಳಗಿಳಿದರೆ ಇನ್ನೊಂದು ತೆರೆದುಕೊಂಡು ಹೆಚ್ಚುವರಿಯನ್ನು ಹರಿಸಿಬಿಡುತ್ತದೆ. ಆ ಡಯೋಡುಗಳು ಬಹಳ ಸಣ್ಣವು. ಅವು ಬದುಕುಳಿಯುವಷ್ಟಕ್ಕೆ ಪ್ರವಾಹವನ್ನು ತಡೆದು ನಿಲ್ಲಿಸುವುದೇ ಸಾಲಿನ ರೆಸಿಸ್ಟರಿನ ಕೆಲಸ. ತಂತಿಯಲ್ಲಿ 50 ವೋಲ್ಟಿನ ಹೊಡೆತ ಬಂದರೆ 10 ಕಿಲೋಓಮಿನ ಮೂಲಕ ಪಿನ್ನಿಗೆ ತಲುಪುವುದು ಐದು ಮಿಲಿಆಂಪಿಯರಿಗಿಂತ ಕಡಿಮೆ. ರೆಸಿಸ್ಟರ್ ಇಲ್ಲದಿದ್ದರೆ ಮಿತಿಯೇ ಇರುವುದಿಲ್ಲ.

ಆ ಐದು ಮಿಲಿಆಂಪಿಯರನ್ನೂ ಚಿಪ್ಪಿನ ಒಳಡಯೋಡಿನ ಪಾಲಿಗೆ ಬಿಡುವುದು ನನಗೆ ಇಷ್ಟವಿಲ್ಲ. ಬಿಎಟಿ54ಎಸ್ ಎಂಬ ಮೂರು ಕಾಲಿನ ಪುಟ್ಟ ಭಾಗದಲ್ಲಿ ಎರಡು ಷಾಟ್ಕಿ ಡಯೋಡುಗಳಿರುತ್ತವೆ, 0.3 ವೋಲ್ಟ್ ಆಸುಪಾಸಿನಲ್ಲಿಯೇ ಅವು ತೆರೆದುಕೊಳ್ಳುವುದರಿಂದ ಚಿಪ್ಪಿನ ಡಯೋಡಿಗೆ ಸರದಿ ಬರುವ ಮೊದಲೇ ಹೊರೆಯನ್ನು ಹೊರುತ್ತವೆ. ಅದರ ನಡುವಿನ ಕಾಲನ್ನು ಪಿನ್ನಿಗೆ, ಉಳಿದೆರಡನ್ನು 3.3 ವೋಲ್ಟಿಗೂ ಗ್ರೌಂಡಿಗೂ ಕೊಡಬೇಕು.

ತೋಟದ_ಮಳೆಲೆಕ್ಕ (ಸೋಮವಾರಪೇಟೆ)

ಷಾಟ್ಕಿ ಬದಲು 3.3 ವೋಲ್ಟಿನ ಜೀನರ್ ಡಯೋಡ್ ಹಾಕಿದರೆ ಆಗದೇ? ಅದು ಇಲ್ಲಿನ ಅಂಗಡಿಯಲ್ಲಿಯೇ ಸಿಗುತ್ತದೆ.

ಎಲೆಕ್ಟ್ರಾನಿಕ್ಸ್_ಪಾಠ (ಪೊನ್ನಂಪೇಟೆ)

ಈ ಜಾಗಕ್ಕೆ ಆಗದು. ಕಡಿಮೆ ವೋಲ್ಟಿನ ಜೀನರುಗಳು ತಮ್ಮ ವೋಲ್ಟೇಜಿಗೆ ಬಂದು ಥಟ್ಟನೆ ತೆರೆದುಕೊಳ್ಳುವುದಿಲ್ಲ, ಎರಡೂವರೆ ವೋಲ್ಟಿನಿಂದಲೇ ನಿಧಾನವಾಗಿ ಸೋರಲು ತೊಡಗುತ್ತವೆ. ನಿಮ್ಮ ಪುಲ್‌ಅಪ್ ಮತ್ತು ಸಾಲಿನ ರೆಸಿಸ್ಟರ್ ಸೇರಿ 14.7 ಕಿಲೋಓಮ್ ಆಗುವುದರಿಂದ ಐವತ್ತು ಮೈಕ್ರೊಆಂಪಿಯರ್ ಸೋರಿದರೂ ಮುಕ್ಕಾಲು ವೋಲ್ಟ್ ಹೋಗಿಬಿಡುತ್ತದೆ, ತೇವದ ಸೋರಿಕೆಯಿಂದ ಕಾಪಾಡಿಕೊಂಡ ಅಂತರವನ್ನು ಜೀನರ್ ತಿಂದುಹಾಕುತ್ತದೆ.

ಷಾಟ್ಕಿಯ ವಿಷಯದಲ್ಲಿಯೂ ಒಂದು ಮಾತು ಸೇರಿಸಬೇಕು, ಏಕೆಂದರೆ ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಮೇಲಿನ ಡಯೋಡ್ ಹೆಚ್ಚುವರಿ ಪ್ರವಾಹವನ್ನು ಇಲ್ಲವಾಗಿಸುವುದಿಲ್ಲ, 3.3 ವೋಲ್ಟಿನ ಹಳಿಗೆ, ಅಂದರೆ ಬೋರ್ಡಿನ ಸರಬರಾಜು ಗೆರೆಗೆ, ದೂಡುತ್ತದೆ ಅಷ್ಟೆ. ಬೋರ್ಡ್ ಎದ್ದಿದ್ದರೆ ಅದನ್ನು ಬೋರ್ಡೇ ಬಳಸಿಕೊಳ್ಳುತ್ತದೆ. ಆದರೆ ಬೋರ್ಡನ್ನು ಗಾಢ ನಿದ್ರೆಗೆ ಕಳುಹಿಸಿದ್ದರೆ ಹಳಿಯ ಬಳಕೆ ಮೈಕ್ರೊಆಂಪಿಯರುಗಳಷ್ಟೇ ಇರುತ್ತದೆ, ಸಾಮಾನ್ಯ ರೆಗ್ಯುಲೇಟರ್ ಪ್ರವಾಹವನ್ನು ಕೊಡಬಲ್ಲದೇ ಹೊರತು ಹಿಂದಕ್ಕೆ ನುಂಗಲಾರದು, ಹಾಗಾಗಿ ಹೊರಗಿನಿಂದ ಬರುವ ವೋಲ್ಟೇಜ್ ಸ್ವಲ್ಪ ಹೊತ್ತು ನಿಂತರೆ ಹಳಿಯೇ ಮೇಲೇರುತ್ತದೆ. ಇದೇ ಕಾರಣದಿಂದ, ಕರೆಂಟ್ ತೆಗೆದ ಬೋರ್ಡ್ ಕೂಡ ಯಾವುದೋ ಸೆನ್ಸರ್ ತಂತಿಯಿಂದ ಡಯೋಡಿನ ಮೂಲಕ ಜೀವ ಪಡೆದು ಅರ್ಧಂಬರ್ಧ ಓಡುವುದುಂಟು. ಆದ್ದರಿಂದ ದೊಡ್ಡ ಹೊಡೆತವನ್ನು ತಂತಿ ಒಳಬರುವ ಟರ್ಮಿನಲ್‌ನಲ್ಲಿಯೇ ಗ್ರೌಂಡಿಗೆ ಇಳಿಸುವ ಟಿವಿಎಸ್ ಡಯೋಡ್ ಮೊದಲು ಬರಬೇಕು, ಆಮೇಲೆ ಸಾಲಿನ ರೆಸಿಸ್ಟರ್, ಕೊನೆಗೆ ಷಾಟ್ಕಿ.

ಬೆಸುಗೆಕಡ್ಡಿ (ಗೋಣಿಕೊಪ್ಪಲು)

ಒಪ್ಪಿದೆ. ಟಿವಿಎಸ್ ಆರಿಸುವಾಗ 5 ವೋಲ್ಟಿನದನ್ನು ತೆಗೆದುಕೊಳ್ಳಬೇಕೆಂದು ಅನಿಸುವುದು ಸಹಜ. ಆದರೆ ಎಸ್‌ಎಂಎಜೆ5.0ಎ ತನ್ನ 5 ವೋಲ್ಟಿನಲ್ಲಿ 800 ಮೈಕ್ರೊಆಂಪಿಯರಿನವರೆಗೆ ಸೋರಬಹುದೆಂದು ಅದರ ಡೇಟಾಶೀಟೇ ಹೇಳುತ್ತದೆ. ಅದೇ ಸಾಲಿನ 12 ವೋಲ್ಟಿನದು ಕೆಲವೇ ಮೈಕ್ರೊಆಂಪಿಯರ್ ಸೋರುತ್ತದೆ, ಪೂರ್ಣ ಹೊಡೆತದಲ್ಲಿ ತಂತಿಯನ್ನು 19.9 ವೋಲ್ಟಿಗೆ ಹಿಡಿದಿಡುತ್ತದೆ. ಆ 19.9 ವೋಲ್ಟ್ ನಿಮ್ಮ 10 ಕಿಲೋಓಮಿನ ಮೂಲಕ ದೂಡಬಲ್ಲದ್ದು ಒಂದೂಮುಕ್ಕಾಲು ಮಿಲಿಆಂಪಿಯರಿಗಿಂತ ಕಡಿಮೆ. ಮುಂದೆ ರೆಸಿಸ್ಟರ್ ಇದೆ ಎಂಬ ಕಾರಣಕ್ಕೇ ಇಲ್ಲಿ ಹೆಚ್ಚು ವೋಲ್ಟಿನ, ಕಡಿಮೆ ಸೋರುವ ಟಿವಿಎಸ್ ಸಾಕಾಗುತ್ತದೆ.

ಇಷ್ಟೆಲ್ಲ ಇದ್ದರೂ ಸಿಡಿಲು ತೋಟದ ಮರಕ್ಕೇ ಬಡಿದರೆ ಏನೂ ಉಳಿಯುವುದಿಲ್ಲ. ಸಾವಿರಾರು ವೋಲ್ಟಿನ ಮುಂದೆ ಕಾಲು ವಾಟಿನ ರೆಸಿಸ್ಟರಿನ ಮೈಮೇಲೆಯೇ ಕಿಡಿ ಹಾರಿಹೋಗುತ್ತದೆ, ಅದರ ಬಾಳಿಕೆಯ ಮಿತಿ ಸಾಮಾನ್ಯವಾಗಿ 250 ವೋಲ್ಟಿನ ಆಸುಪಾಸು. ಮೇಲೆ ಹೇಳಿದ ಏರ್ಪಾಡು ದೂರದ ಸಿಡಿಲು ತಂತಿಯಲ್ಲಿ ಹುಟ್ಟಿಸುವ ಹೊಡೆತಕ್ಕೆ. ನಿಮ್ಮ ಹಳೆಯ ಬೋರ್ಡಿನಲ್ಲಿ ಒಂದೇ ಪಿನ್ ಹೋಗಿ ಉಳಿದವು ಬದುಕಿರುವುದನ್ನು ನೋಡಿದರೆ, ಬಂದದ್ದು ಅಂಥ ಹೊಡೆತವೇ ಇರಬೇಕು.

ಮೋಟಾರ್_ಶೆಡ್ (ನಾಪೋಕ್ಲು)

ನಡುವೆ ಬಂದಿದ್ದಕ್ಕೆ ಕ್ಷಮೆಯಿರಲಿ, ನನ್ನ ಪ್ರಶ್ನೆ ಔಟ್‌ಪುಟ್ ಪಿನ್ನಿನದು. ಕೆರೆಯ ಪಂಪಿನ ಸ್ಟಾರ್ಟರನ್ನು ಇದೇ ಇಎಸ್‌ಪಿ32ರಿಂದ, ಟ್ರಾನ್ಸಿಸ್ಟರ್ ಮತ್ತು 12 ವೋಲ್ಟ್ ರಿಲೇ ಮೂಲಕ ನಡೆಸುತ್ತಿದ್ದೇವೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ದಿನನಿತ್ಯದ ಸಂಗತಿ. ಪ್ರತಿ ಬಾರಿ ಬಂದಾಗಲೂ ರಿಲೇ ಒಮ್ಮೆ ಟಕ್ ಎಂದು ಎಳೆದು ಬಿಡುತ್ತದೆ, ಮೋಟಾರು ಅರೆಕ್ಷಣ ಉಸಿರೆಳೆದು ನಿಲ್ಲುತ್ತದೆ. ಪ್ರೋಗ್ರಾಮಿನ ಮೊದಲ ಸಾಲಿನಲ್ಲಿಯೇ ರಿಲೇ ಆರಿಸುವ ಆಜ್ಞೆ ಇದೆ.

ಎಲೆಕ್ಟ್ರಾನಿಕ್ಸ್_ಪಾಠ (ಪೊನ್ನಂಪೇಟೆ)

ಮೊದಲ ಸಾಲು ಓಡುವ ಮುನ್ನವೇ ಬಹಳಷ್ಟು ನಡೆದುಹೋಗಿರುತ್ತದೆ. ರೀಸೆಟ್ ಆದ ಕ್ಷಣದಲ್ಲಿ ಹೆಚ್ಚಿನ ಪಿನ್‌ಗಳು ಇನ್‌ಪುಟ್ ಆಗಿಯೇ ಇರುತ್ತವೆ, ಅಂದರೆ ನಿಮ್ಮ ಟ್ರಾನ್ಸಿಸ್ಟರಿನ ಬೇಸ್ ತೇಲುತ್ತಿರುತ್ತದೆ. ಕೆಲವು ಪಿನ್‌ಗಳು ಇನ್ನೂ ಅಪಾಯಕಾರಿ: ಜಿಪಿಐಒ 1 ಬೂಟ್ ಆಗುವಾಗ ಸಂದೇಶಗಳನ್ನು ಕಳುಹಿಸುತ್ತದೆ, 14 ಮಿಡಿತಗಳನ್ನು ಹೊರಹಾಕುತ್ತದೆ. 0, 2, 5, 12 ಮತ್ತು 15 ಇವು ಬೂಟ್ ಆಗುವ ರೀತಿಯನ್ನೇ ನಿರ್ಧರಿಸುವ ಪಿನ್‌ಗಳಾದ್ದರಿಂದ ಅವುಗಳ ಮೇಲೆ ಮನಬಂದಂತೆ ಪುಲ್‌ಅಪ್, ಪುಲ್‌ಡೌನ್ ಹಾಕಬಾರದು. ಉದಾಹರಣೆಗೆ 12ನ್ನು ಮೇಲಕ್ಕೆ ಎಳೆದಿಟ್ಟರೆ ಚಿಪ್ ತನ್ನ ಫ್ಲ್ಯಾಷ್ ಮೆಮೊರಿಗೆ 3.3ರ ಬದಲು 1.8 ವೋಲ್ಟ್ ಕೊಡಲು ಹೋಗುತ್ತದೆ, ಸಾಮಾನ್ಯ ಬೋರ್ಡುಗಳು ಆಗ ಏಳುವುದೇ ಇಲ್ಲ. ನೀವು ಯಾವ ಪಿನ್ ಬಳಸಿದ್ದೀರಿ?

ಮೋಟಾರ್_ಶೆಡ್ (ನಾಪೋಕ್ಲು)

14, ಮೇಡಂ. ಬೇಸಿಗೆ ಒಂದು ಕಿಲೋಓಮ್ ರೆಸಿಸ್ಟರ್ ಇದೆ. ಟ್ರಾನ್ಸಿಸ್ಟರ್ ಬಿಸಿ547.

ಬೆಸುಗೆಕಡ್ಡಿ (ಗೋಣಿಕೊಪ್ಪಲು)

ಅದನ್ನು 25, 26, 27, 32, 33 ಇವುಗಳಲ್ಲಿ ಒಂದಕ್ಕೆ ಬದಲಾಯಿಸಿ, ಬೇಸಿನಿಂದ ಎಮಿಟರಿಗೆ 10 ಕಿಲೋಓಮ್ ಸೇರಿಸಿ. ಪಿನ್ ಮಾತಾಡದಿರುವಾಗ ಬೇಸನ್ನು ಸೊನ್ನೆಯಲ್ಲಿ ಕಟ್ಟಿಹಾಕುವುದು ಆ ರೆಸಿಸ್ಟರ್. ಒಂದು ಕಿಲೋಓಮ್ ಸರಿಯಾಗಿದೆ: 3.3ರಿಂದ ಬೇಸಿನ 0.7 ಕಳೆದರೆ 2.6 ಮಿಲಿಆಂಪಿಯರ್ ಸಿಗುತ್ತದೆ, 10 ಕಿಲೋಓಮ್ ಕದಿಯುವುದು ಅದರಲ್ಲಿ 0.07 ಮಾತ್ರ. 12 ವೋಲ್ಟಿನ ಸಣ್ಣ ರಿಲೇಯ ಸುರುಳಿ ಸುಮಾರು 400 ಓಮ್, ಬೇಕಾಗುವುದು 30 ಮಿಲಿಆಂಪಿಯರ್. ಇದನ್ನು ಬಿಸಿ547 ಆರಾಮವಾಗಿ ಹೊರುತ್ತದೆ. 5 ವೋಲ್ಟಿನ ರಿಲೇ ಆಗಿದ್ದರೆ 70 ಮಿಲಿಆಂಪಿಯರ್ ಬೇಕು, ಆಗ 100 ಮಿಲಿಆಂಪಿಯರ್ ಮಿತಿಯ ಬಿಸಿ547ನ್ನು ನಾನು ನಂಬುವುದಿಲ್ಲ, ಬಿಸಿ337 ಹಾಕುತ್ತೇನೆ. ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡ್ ಇದೆಯೆಂದು ಭಾವಿಸಿದ್ದೇನೆ.

ಟ್ರಾನ್ಸಿಸ್ಟರ್ ಬದಲು ಮಾಸ್‌ಫೆಟ್ ಬಳಸುವವರಿಗೆ ಈ ಪುಲ್‌ಡೌನ್ ಇನ್ನೂ ಮುಖ್ಯ. ಗೇಟ್ ಎಂಬುದು ಒಂದು ಕೆಪಾಸಿಟರ್ ಇದ್ದಂತೆ, ತುಂಬಿದ್ದನ್ನು ಇಳಿಸಲು ದಾರಿಯಿಲ್ಲದಿದ್ದರೆ ಅರ್ಧ ತೆರೆದ ಸ್ಥಿತಿಯಲ್ಲಿ ನಿಂತು ಸುಟ್ಟುಕೊಳ್ಳುತ್ತದೆ. ಗೇಟಿಗೆ ಸಾಲಾಗಿ 100ರಿಂದ 220 ಓಮ್, ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್.

ಹಳೆಯ_ಆರ್ಡುಯಿನೊ (ಕುಶಾಲನಗರ)

ಉನೊ ಬಳಸುವವರಿಗೆ ಒಂದು ಸೂಚನೆ. ಲೋ ಕೊಟ್ಟಾಗ ಎಳೆಯುವ ರಿಲೇ ಮಾಡ್ಯೂಲುಗಳಿದ್ದರೆ, ಪಿನ್ನನ್ನು ಔಟ್‌ಪುಟ್ ಎಂದು ಘೋಷಿಸುವ ಮೊದಲೇ ಅದಕ್ಕೆ ಹೈ ಬರೆಯಬೇಕು. ಎಟಿಮೆಗಾದಲ್ಲಿ ಇನ್‌ಪುಟ್ ಪಿನ್ನಿಗೆ ಹೈ ಬರೆದರೆ ಒಳಗಿನ ಪುಲ್‌ಅಪ್ ಚಾಲೂ ಆಗುತ್ತದೆ, ಬಳಿಕ ಔಟ್‌ಪುಟ್ ಮಾಡಿದಾಗ ಅದು ನೇರವಾಗಿ ಹೈ ಆಗಿಯೇ ಏಳುತ್ತದೆ. ಕ್ರಮ ತಿರುಗಿದರೆ ಕ್ಷಣಕಾಲ ಲೋ ಆಗಿ ರಿಲೇ ಎಳೆಯುತ್ತದೆ.

ಇನ್ನೊಂದು ಪ್ರಶ್ನೆ: ಎರಡು ಬೋರ್ಡುಗಳ ಪಿನ್‌ಗಳನ್ನು ನೇರವಾಗಿ ಜೋಡಿಸುವಾಗ ನಡುವೆ ರೆಸಿಸ್ಟರ್ ಬೇಕೇ?

ಎಲೆಕ್ಟ್ರಾನಿಕ್ಸ್_ಪಾಠ (ಪೊನ್ನಂಪೇಟೆ)

ಹಾಕುವುದು ಒಳ್ಳೆಯದು. ಪ್ರೋಗ್ರಾಮಿನ ತಪ್ಪಿನಿಂದ ಎರಡೂ ಔಟ್‌ಪುಟ್ ಆಗಿ, ಒಂದು ಹೈ ಇನ್ನೊಂದು ಲೋ ಆದರೆ, ಎರಡು ಚಿಪ್ಪುಗಳ ನಡುವೆ ನೇರ ಶಾರ್ಟ್ ಆಗುತ್ತದೆ. ಎಟಿಮೆಗಾದ ಒಂದು ಪಿನ್ನಿನ ಪರಮ ಮಿತಿ 40 ಮಿಲಿಆಂಪಿಯರ್, ದಿನನಿತ್ಯದ ಬಳಕೆಗೆ 20 ಮೀರಬಾರದು. ನಡುವೆ ಒಂದು ಕಿಲೋಓಮ್ ಇದ್ದರೆ 5 ವೋಲ್ಟಿನಲ್ಲಿ ಐದು ಮಿಲಿಆಂಪಿಯರಿನಾಚೆಗೆ ಹೋಗದು. ಉನೊದ 5 ವೋಲ್ಟ್ ಔಟ್‌ಪುಟ್ಟನ್ನು ಇಎಸ್‌ಪಿ32ಕ್ಕೆ ಕೊಡುವುದಾದರೆ ಒಂದೇ ರೆಸಿಸ್ಟರ್ ಸಾಲದು, 10 ಮತ್ತು 20 ಕಿಲೋಓಮ್‌ಗಳ ವಿಭಾಜಕದಿಂದ 3.33 ವೋಲ್ಟಿಗೆ ಇಳಿಸಿ ಕೊಡಬೇಕು.

ತೋಟದ_ಮಳೆಲೆಕ್ಕ (ಸೋಮವಾರಪೇಟೆ)

ನೀವು ಹೇಳಿದ ಕ್ರಮದಲ್ಲಿಯೇ ಜೋಡಿಸಿದ್ದೇನೆ. ಬೇಲಿ ಚಾಲೂ ಇರುವಾಗ ಸುಳ್ಳು ಎಣಿಕೆ ನಿಂತಿದೆ. ಪಕ್ಕದಲ್ಲಿಟ್ಟ ಹಳೆಯ ಗಾಜಿನ ಅಳತೆಯೊಂದಿಗೆ ಹೋಲಿಸಿದರೆ ಮಳೆಯ ಲೆಕ್ಕ ಒಂದೆರಡು ಸೆಂಟ್ (ಇಂಚಿನ ನೂರನೆಯ ಪಾಲು) ವ್ಯತ್ಯಾಸದಲ್ಲಿ ಕೂಡಿಬರುತ್ತಿದೆ. ಒಂದು ಸಂಶಯ ಉಳಿದಿದೆ. ಕೆಳಗಿನ ತೋಟದಲ್ಲಿ ಇಂಥದೇ ಇನ್ನೊಂದನ್ನು 250 ಮೀಟರ್ ದೂರದಲ್ಲಿ ನಿಲ್ಲಿಸಬೇಕೆಂದಿದ್ದೇವೆ. ಅಲ್ಲಿ ತಂತಿ ಬೇಲಿಯ ಪಕ್ಕದಲ್ಲಿಯೇ ಹೋಗಬೇಕಾಗುತ್ತದೆ. ಇದೇ ಏರ್ಪಾಡು ನಡೆಯಬಹುದೇ?

ಬೆಸುಗೆಕಡ್ಡಿ (ಗೋಣಿಕೊಪ್ಪಲು)

ಅಷ್ಟು ದೂರಕ್ಕೆ, ಅದೂ ಬೇಲಿಯ ಜೊತೆಜೊತೆಗೆ ಹೋಗುವ ತಂತಿಗೆ ನಾನು ಆಪ್ಟೊಕಪ್ಲರ್ (ಎರಡು ಸುತ್ತುಗಳ ನಡುವೆ ಬೆಳಕಿನ ಮೂಲಕ ಮಾತ್ರ ಸಂಕೇತ ದಾಟಿಸುವ ಭಾಗ) ಹಾಕುತ್ತೇನೆ. ತಂತಿಯ ಸುತ್ತನ್ನು 3.3ರ ಬದಲು ಪ್ರತ್ಯೇಕ 12 ವೋಲ್ಟಿನಿಂದ ನಡೆಸಿ, ಅದಕ್ಕೆ ಸಾಲಾಗಿ 2.2 ಕಿಲೋಓಮ್ ಮತ್ತು ಪಿಸಿ817 ಎಂಬ ಆಪ್ಟೊಕಪ್ಲರಿನ ಒಳಗಿನ ಎಲ್‌ಇಡಿ. ಸ್ವಿಚ್ ಮುಚ್ಚಿದಾಗ ಸುಮಾರು ಐದು ಮಿಲಿಆಂಪಿಯರ್ ಹರಿಯುತ್ತದೆ. 100 ಕಿಲೋಓಮಿನ ತೇವದ ಸೋರಿಕೆ ಆ ಎಲ್‌ಇಡಿಗೆ ಕೊಡಬಲ್ಲದ್ದು 0.1 ಮಿಲಿಆಂಪಿಯರ್, ಅದನ್ನು ಸುಳ್ಳು ಎಣಿಕೆಯಾಗದಂತೆ ನೋಡಿಕೊಳ್ಳಲು ಎಲ್‌ಇಡಿಗೆ ಅಡ್ಡಲಾಗಿ ಒಂದು ಕಿಲೋಓಮ್ ಹಾಕಿ. 0.1 ಮಿಲಿಆಂಪಿಯರಿಗೆ ಆ ರೆಸಿಸ್ಟರ್ ಮೇಲೆ ಹುಟ್ಟುವುದು 0.1 ವೋಲ್ಟ್ ಮಾತ್ರ, ಎಲ್‌ಇಡಿ ಹೊತ್ತಿಕೊಳ್ಳಲು ಸುಮಾರು 1.2 ವೋಲ್ಟ್ ಬೇಕು. ನಿಜವಾದ ಮುಚ್ಚುವಿಕೆಯಲ್ಲಿ ಐದರಲ್ಲಿ 1.2 ಮಿಲಿಆಂಪಿಯರ್ ಆ ರೆಸಿಸ್ಟರಿಗೆ ಹೋದರೂ ಉಳಿದದ್ದು ಎಲ್‌ಇಡಿಗೆ ಸಾಕಾಗುತ್ತದೆ. ಜೊತೆಗೆ ಎಲ್‌ಇಡಿಗೆ ಅಡ್ಡಲಾಗಿ 1ಎನ್4148 ಡಯೋಡನ್ನು ವಿರುದ್ಧ ದಿಕ್ಕಿನಲ್ಲಿ ಹಾಕಬೇಕು, ಏಕೆಂದರೆ ಪಿಸಿ817ರ ಎಲ್‌ಇಡಿ ಹಿಮ್ಮುಖವಾಗಿ 6 ವೋಲ್ಟಿಗಿಂತ ಹೆಚ್ಚು ತಾಳುವುದಿಲ್ಲ. ಬೋರ್ಡಿನ ಕಡೆ ಕಲೆಕ್ಟರಿನಿಂದ 3.3 ವೋಲ್ಟಿಗೆ 10 ಕಿಲೋಓಮ್ ಪುಲ್‌ಅಪ್ ಇಟ್ಟು ಕಲೆಕ್ಟರನ್ನು ಪಿನ್ನಿಗೆ ಕೊಡಿ. ಎರಡೂ ಕಡೆಯ ಗ್ರೌಂಡುಗಳನ್ನು ಸೇರಿಸಬೇಡಿ. ಸೇರಿಸಿದರೆ ಆಪ್ಟೊಕಪ್ಲರ್ ಹಾಕಿದ ಪ್ರಯೋಜನವೇ ಇರುವುದಿಲ್ಲ.

ತಂತಿಯನ್ನು ಬೇಲಿಯಿಂದ ಸಾಧ್ಯವಾದಷ್ಟು ದೂರಕ್ಕೆ ಸರಿಸಿ, ದಾಟಲೇಬೇಕಾದಲ್ಲಿ ಅಡ್ಡಲಾಗಿ ದಾಟಿಸಿ. ಹೆಣೆದ ಜೋಡಿ ಎಳೆಯ ತಂತಿ ಸಿಕ್ಕರೆ ಅದನ್ನೇ ಬಳಸಿ. ಜೋಡಣೆಗಳನ್ನು ನೆಲದಿಂದ ಎತ್ತರದಲ್ಲಿ, ಬಾಯಿ ಕೆಳಗಿರುವ ಡಬ್ಬಿಯೊಳಗೆ ಇಡಿ.